ಜಗಳೂರಿನ ಬಿ.ಎ. ಸಾಹೇಬರ ಇಸವಿ

ನಾನು ಬರೆದ ಅತಿ ಕಷ್ಟದ ಪರೀಕ್ಷೆ ಬಿ.ಎ. ಅಲ್ಲ. ಅದು ಪಾಸಾಗಿ ಹದಿನೈದು ವರ್ಷ ಕಳೆದ ಮೇಲೆ ಅಂಚೆಯಲ್ಲಿ ಬಂದ ಒಂದು ಹಾಳೆ. ನಾನು ಓದಿದ ವಿಶ್ವವಿದ್ಯಾನಿಲಯದವರು ತಮ್ಮ ಹಳೆಯ ವಿದ್ಯಾರ್ಥಿಗಳು ಏನೇನಾದರು, ಎಲ್ಲೆಲ್ಲಿ ಮೆರೆದರು ಎಂಬುದನ್ನೆಲ್ಲ ಒಂದು ಪುಸ್ತಕ ಮಾಡಿ ಅಚ್ಚು ಹಾಕಿಸುವ ಮನಸ್ಸು ಮಾಡಿದ್ದರು. ಹಾಳೆಯಲ್ಲಿ ಐದು ಕಾಲಂ. ಹೆಸರು, ಪಾಸಾದ ಇಸವಿ, ಹಿಡಿದ ಹುದ್ದೆ, ಇಷ್ಟರವರೆಗೆ ಲೇಖನಿ ಸಲೀಸಾಗಿ ಓಡಿತು. ನಾಲ್ಕನೆಯದು 'ಸಾಧನೆಗಳು'. ಐದನೆಯದು 'ಸಂದ ಗೌರವಗಳು'. ಅಲ್ಲಿಗೆ ಬಂದು ಲೇಖನಿ ನಿಂತಿತು.

ಚನ್ನಗಿರಿಯ ಮಿಡ್ಲ್ ಸ್ಕೂಲ್ ಹೆಡ್ಮಾಸ್ತರನಿಗೆ ಸಾಧನೆ ಅಂದರೆ ಏನು, ನೀವೇ ಹೇಳಿ. ಮಳೆಗಾಲದಲ್ಲಿ ಸೋರುವ ಕೋಣೆಯಿಂದ ಮಕ್ಕಳನ್ನು ಸೋರದ ಜಗಲಿಗೆ ಸಾಗಿಸಿದ್ದೇ? ಎರಡು ದಿನ ತಲೆ ಕೆರೆದುಕೊಂಡ ಮೇಲೆ ಒಂದು ನೆನಪಾಯಿತು. ಒಮ್ಮೆ ದನಗಳ ಪ್ರದರ್ಶನದಲ್ಲಿ ನನ್ನನ್ನು ತೀರ್ಪುಗಾರರ ಸಾಲಿನಲ್ಲಿ ಕೂರಿಸಿದ್ದರು. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳಲು ನನಗೆ ಬಾರದು. ಆದರೂ ಕೂರಿಸಿದ್ದು ನಾನು ಬಿ.ಎ. ಎಂಬ ಒಂದೇ ಕಾರಣಕ್ಕೆ. ಅದನ್ನೇ 'ಕೃಷಿ ಮತ್ತು ಪಶುಪಾಲನಾ ಕ್ಷೇತ್ರದಲ್ಲಿ ಗಣ್ಯ ಸೇವೆ' ಎಂದು ಬರೆದೆ. ಬರೆದು ಎರಡು ಸಲ ಓದಿಕೊಂಡೆ. ಚೆನ್ನಾಗಿಯೇ ಇತ್ತು. ಹೆಂಡತಿಗೆ ಮಾತ್ರ ತೋರಿಸಲಿಲ್ಲ.

ಹಾಳೆಯ ಜೊತೆಗೆ ಒಂದು ಕಾಗದವೂ ಇತ್ತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ಕಡೆಯ ಪದವೀಧರರ ವಿವರಗಳನ್ನು ತಾವೇ ದಯಮಾಡಿ ಸಂಗ್ರಹಿಸಿ ಕಳಿಸಬೇಕೆಂದು ಕೇಳಿಕೊಂಡಿದ್ದರು. ದಯಮಾಡಿ ಎಂದು ಯಾರಾದರೂ ಬರೆದರೆ ನಾನು ಕರಗಿಹೋಗುವ ಜಾತಿ. ಒಪ್ಪಿಕೊಂಡುಬಿಟ್ಟೆ. ಅದು ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದು ಅವುಗಳ ಮೇಲಿನ ಗೌರವಕ್ಕೆ ಹೇಳಿದ ಮಾತು. ಸ್ವಲ್ಪ ಏರು ಬಂದರೆ ಸಾಕು, ನಾವೆಲ್ಲ ಇಳಿದು ಅದರ ಹಿಂದೆ ನಡೆಯಬೇಕು. ಹೀಗೆ ನಡೆದು ನಡೆದು ನಮ್ಮ ಸೀಮೆಯ ಮಹನೀಯರನ್ನು ನಾನು ಕಂಡು ಬಂದೆ.

ಹೊನ್ನಾಳಿಯಲ್ಲಿ ಒಬ್ಬ ನಿವೃತ್ತ ನ್ಯಾಯಾಧೀಶರಿದ್ದರು. ಹಾಳೆ ಸಾಲದೆಂದು ತಾವೇ ಎಂಟು ಪುಟ ಬರೆದು, ಹೊಲಿದು ಇಟ್ಟಿದ್ದರು. ಯಾವ ಯಾವ ಊರಿಗೆ ವರ್ಗವಾಯಿತು, ಹೊರಡುವಾಗ ಯಾವ ಊರಿನವರು ಎಂಥ ಹಾರ ಹಾಕಿದರು, ಎಲ್ಲವೂ ಇತ್ತು. ಸ್ವಲ್ಪ ಸಂಕ್ಷೇಪ ಮಾಡಬಹುದೇ ಎಂದು ಕೇಳಿದೆ. "ಅದು ಸಂಕ್ಷೇಪಾನೇ ರೀ," ಎಂದರು. ಸೂಳೆಕೆರೆಯ ಹತ್ತಿರ ಸಿಕ್ಕ ಇಂಜಿನಿಯರು ಇದಕ್ಕೆ ತದ್ವಿರುದ್ಧ. ಏರಿಯ ಮೇಲೆ ನಿಂತು ತೂಬು ನೋಡುತ್ತಿದ್ದರು. ನಿಮ್ಮ ಸಾಧನೆ ಏನು ಬರೆಯಲಿ ಎಂದರೆ ಕೆರೆಯ ಕಡೆಗೆ ಕೈ ತೋರಿಸಿದರು. "ಹಿಂದಿನ ಕಾಲದಾಗೆ ಇದನ್ನ ಕಟ್ಟಿಸಿದ ರಾಜನ ಮಗಳು ಯಾವ ಕಾಲೇಜಿಗೂ ಹೋದಾಕಿ ಅಲ್ಲ ಮೇಷ್ಟ್ರೆ. ನಾನು ಹತ್ತು ವರ್ಷದಿಂದ ಇದಕ್ಕೆ ತೊಂದ್ರೆ ಆಗದಂಗೆ ನೋಡ್ಕಂಡೀನಿ. ಅಷ್ಟು ಬರ್ಕಳ್ರಿ." ಬರೆದುಕೊಂಡೆ. ಆ ಸಾಲು ಪುಸ್ತಕದಲ್ಲಿ ಬರಲಿಲ್ಲ. ಅದು ಯಾವ ಕಾಲಮ್ಮಿಗೆ ಸೇರುತ್ತದೋ ವಿಶ್ವವಿದ್ಯಾನಿಲಯದವರಿಗೆ ತಿಳಿಯದೆ ಹೋಗಿರಬೇಕು.

ನ್ಯಾಮತಿಯ ಹತ್ತಿ ವ್ಯಾಪಾರಿಯೊಬ್ಬರ ಮನೆ ಬಾಗಿಲಿನ ಹಲಗೆಯ ಮೇಲೆ ಅವರ ಹೆಸರಿನ ಮುಂದೆ ದಪ್ಪಕ್ಷರದಲ್ಲಿ 'ಬಿ.ಎ. (ಫೇಲ್)' ಎಂದು ಬರೆಸಿತ್ತು. ಈಗಿನವರು ಇದನ್ನು ಕೇಳಿ ನಗಬಹುದು. ನಮ್ಮ ಕಾಲದಲ್ಲಿ ಅದು ನಗುವ ಮಾತಲ್ಲ. ಫೇಲಾಗಬೇಕಾದರೂ ಅಲ್ಲಿಯವರೆಗೆ ಹೋಗಿರಬೇಕಲ್ಲ! ಮದುವೆಯ ಕರೆಯೋಲೆಗಳಲ್ಲಿ ಮೆಟ್ರಿಕ್ ಫೇಲಾದ ವರರು ಧಾರಾಳವಾಗಿ ಮಿಂಚುತ್ತಿದ್ದರು. ಆ ವ್ಯಾಪಾರಿ ನನ್ನ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ನಮ್ಮಂಥೋರಿಗೂ ಒಂದು ಕಾಲಂ ಮಾಡಾಕೆ ಹೇಳ್ರಿ. ನಾವೂ ಫೀಸು ಕಟ್ಟೀವಿ, ಅವರ ಬೆಂಚು ಸವಿಸೀವಿ," ಎಂದರು. ಎಷ್ಟು ನಿರಾಳವಾಗಿ ಹೇಳಿದರೆಂದರೆ ನನಗೆ ಹೊಟ್ಟೆಕಿಚ್ಚಾಯಿತು. ನನ್ನ ಸಲುವಾಗಿ ಅಲ್ಲ. ಜಗಳೂರಿನಲ್ಲಿದ್ದ ನನ್ನ ಗೆಳೆಯನ ಸಲುವಾಗಿ.

ಇಷ್ಟು ಹೊತ್ತು ಸುತ್ತಿ ಬಳಸಿ ನಾನು ಹೇಳಬೇಕೆಂದಿದ್ದದ್ದು ಅವನ ವಿಷಯವನ್ನೇ. ಅವನ ಹೆಸರು ದಾದಾಪೀರ್. ಜಗಳೂರಿನ ಕಂಬಳಿ ವ್ಯಾಪಾರಿಯ ಮಗ. ನಾನೂ ಅವನೂ ಒಂದೇ ಬೆಂಚಿನಲ್ಲಿ ಕೂತು ಬಿ.ಎ. ಓದಿದವರು. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಆ ಊರಿಗೆ ಅವನೇ ಮೊದಲು. ಪರೀಕ್ಷೆ ಬರೆದು ಅವನು ಊರಲ್ಲಿ ಬಂದಿಳಿದದ್ದು ಕಡು ಬೇಸಗೆಯಲ್ಲಿ. ಇಳಿದ ಮೂರನೆಯ ದಿನವೇ ಊರಿನವರು ಅವನನ್ನು ಸಿಂಗರಿಸಿದ ಗಾಡಿಯಲ್ಲಿ ಕೂರಿಸಿ, ಡೊಳ್ಳು ಬಡಿಸಿ, ಮೆರವಣಿಗೆ ಮಾಡಿ, ಶಾಲು ಹೊದಿಸಿಬಿಟ್ಟರು. ಇನ್ನೂ ಫಲಿತಾಂಶ ಬಂದಿಲ್ಲ ಎಂದು ಅವನು ಹೇಳಿದ. ಊರಿನ ಹಿರಿಯರಾದ ರುದ್ರಗೌಡರು ಅದಕ್ಕೆ ಕೊಟ್ಟ ಉತ್ತರವನ್ನು ಆಮೇಲೆ ಅವನೇ ನನಗೆ ಹೇಳಿದ.

"ರಿಜಲ್ಟು ಬರಾದು ಮಳಿ ಹಿಡ್ಕಂಡ್ಮೇಲಂತೆ. ಆವಾಗ ಊರಾಗೆ ಯಾರಿರ್ತಾರೆ? ಎಲ್ಲಾ ಬಿತ್ತಾಕೆ ಹೋಗಿರ್ತಾರೆ. ಮೆರವಣಿಗಿ ನೋಡಾಕೆ ಒಂದು ನಾಯಿನೂ ಇರಾಕಿಲ್ಲ. ಈಗ ಎಲ್ಲಾರಿಗೂ ಪುರುಸೊತ್ತು ಐತೆ, ಮಾಡಿಬಿಡಾನ."

ಗೌಡರ ಲೆಕ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ಮದುವೆಯಾಗಲಿ, ಮನೆ ಕಟ್ಟುವುದಾಗಲಿ, ನಮ್ಮ ಸೀಮೆಯಲ್ಲಿ ಎಲ್ಲವೂ ಮುಂಗಾರಿಗೆ ಮೊದಲೇ ಮುಗಿಯಬೇಕು. ವಿಶ್ವವಿದ್ಯಾನಿಲಯಕ್ಕೆ ಈ ವಿವೇಕ ಇರಲಿಲ್ಲ. ನನ್ನನ್ನೇ ನೋಡಿ. ನಾನು ಪಾಸಾದ ಸುದ್ದಿ ಸರಿಯಾಗಿ ಬಿತ್ತನೆಯ ದಿನವೇ ಬಂತು. ಓಡಿ ಹೋಗಿ ಹೊಲದಲ್ಲಿದ್ದ ಅಪ್ಪನಿಗೆ ಹೇಳಿದೆ. "ಆತಾ? ಒಳ್ಳೇದಾತು. ಆ ಕೂರಿಗೆ ಹಿಡ್ಕ," ಎಂದರು. ನನಗೆ ಸಂದ ಗೌರವ ಅಷ್ಟೇ. ಅದೇ ದಿನದ ಪತ್ರಿಕೆಯಲ್ಲಿ ಪಾಸಾದವರ ನಂಬರುಗಳ ನಡುವೆ ದಾದಾಪೀರನ ನಂಬರು ಇರಲಿಲ್ಲ. ಇಂಗ್ಲಿಷ್ ಭಾಗದಲ್ಲಿ ಹೋಗಿತ್ತು. ಜಗಳೂರಿಗೂ ಒಂದು ಪತ್ರಿಕೆ ಬರುತ್ತಿತ್ತು. ನೋಡಲು ಊರಲ್ಲಿ ಯಾರೂ ಇರಲಿಲ್ಲ. ಅವನೊಬ್ಬ ನೋಡಿದ.

ಬಿತ್ತನೆ ಮುಗಿದ ಮೇಲೆ ಎಲ್ಲರಿಗೂ ಹೇಳಬೇಕೆಂದು ಅವನಿಗೆ ಇತ್ತು. ಅಷ್ಟರಲ್ಲಿ ಅವನ ತಂದೆ ತೀರಿಕೊಂಡರು. ಜನಾಜಾ ಹೊತ್ತವರ ಮುಂದೆ ನಡೆದ ಗೌಡರು, "ಮಗ ಬಿ.ಎ. ಆದದ್ದನ್ನ ಕಣ್ಣಾರೆ ನೋಡಿ ಹೋದ ಪುಣ್ಯಾತ್ಮ," ಎಂದು ಗಟ್ಟಿಯಾಗಿ ಹೇಳಿದರು. ಆಮೇಲೆ ಹೇಳುವುದು ಹೇಗೆ? ಒಂದು ತಿಂಗಳು ಹೇಳದೆ ಹೋದ ಮಾತನ್ನು ಎರಡನೆಯ ತಿಂಗಳು ಹೇಳುವುದು ಇನ್ನೂ ಕಷ್ಟ. ವರ್ಷ ಕಳೆದರೆ ಮುಗಿದೇ ಹೋಯಿತು. ಅವನು ಕಂಬಳಿ ಅಂಗಡಿಯಲ್ಲಿ ಕೂತ. ಊರಿಗೆಲ್ಲ 'ಬಿ.ಎ. ಸಾಹೇಬರು' ಆದ.

ಆ ಹೆಸರಿಗೆ ತಕ್ಕ ಕೆಲಸವನ್ನು ಅವನು ಮಾಡಲಿಲ್ಲವೆಂದು ಯಾರೂ ಹೇಳುವಂತಿಲ್ಲ. ತಂತಿ ಬಂದರೆ ಓದಿ ಹೇಳುವವನು ಅವನು. ಅಮಲ್ದಾರರಿಗೆ, ಅವರ ಮೇಲಿನವರಿಗೆ ಅರ್ಜಿ ಬರೆಯುವವನು ಅವನು. ಯುದ್ಧಕ್ಕೆ ಸೇರಿದ ಮಗನ ಸುದ್ದಿ ಬಾರದಿದ್ದರೆ ತಾಯಂದಿರು ಬಂದು ಕೂರುತ್ತಿದ್ದದ್ದು ಅವನ ಅಂಗಡಿಯ ಕಂಬಳಿಗಳ ಮೇಲೆ. ಸರ್ಕಾರಕ್ಕೆ ಅರ್ಥವಾಗುವ ಇಂಗ್ಲಿಷಿನಲ್ಲಿ ಅವನು ಕಾಗದ ಬರೆಯುತ್ತಿದ್ದ, ಉತ್ತರ ಬರುತ್ತಿತ್ತು. ಇಂಗ್ಲಿಷಿನಲ್ಲೇ ಫೇಲಾದವನು! ಆದರೆ ಹದಿನೈದು ವರ್ಷದಲ್ಲಿ ಒಮ್ಮೆಯೂ ಅವನು ತನ್ನ ಕೈಯಾರೆ ತನ್ನ ಹೆಸರಿನ ಮುಂದೆ ಬಿ.ಎ. ಎಂದು ಬರೆಯಲಿಲ್ಲ. ಅದನ್ನೂ ಜನ ಹೊಗಳಿದರು. "ಅಷ್ಟು ಓದಿದ್ರೂ ಒಂಚೂರು ದೊಡ್ಡಸ್ತಿಕಿ ಇಲ್ಲ ನೋಡ್ರಿ," ಎಂದರು. ಪಾಪ, ಅವನು ತನಗೆ ಉಳಿದಿದ್ದ ಒಂದೇ ಒಂದು ದಾರಿಯಲ್ಲಿ ನಿಜ ಹೇಳುತ್ತಿದ್ದ. ಅದು ವಿನಯವಾಗಿ ಕಾಣುತ್ತಿತ್ತು.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಅದು ಗೆಳೆತನ ಎಂದುಕೊಂಡಿದ್ದೆ. ನಿಜ ಹೇಳುವುದಾದರೆ ಅದರಲ್ಲಿ ಸ್ವಲ್ಪ ಹಮ್ಮೂ ಇತ್ತು. ಊರೆಲ್ಲ ಅವನಿಗೆ ಕೈ ಮುಗಿಯುವಾಗ, ನಿಜವಾದ ಬಿ.ಎ. ಇಲ್ಲಿ ಮೂಲೆಯಲ್ಲಿ ಕೂತಿದ್ದಾನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಆ ದಿನ ಜಗಳೂರಲ್ಲಿ ಬಸ್ಸಿನಿಂದ ಇಳಿಯುತ್ತಿದ್ದಂತೆ ರುದ್ರಗೌಡರು ಎದುರಾದರು. ನಾನು ಬಂದ ಕೆಲಸ ಅವರಿಗೆ ಅದು ಹೇಗೋ ತಿಳಿದಿತ್ತು. "ಮೇಷ್ಟ್ರೆ, ಆ ಪುಸ್ತಕದಾಗೆ ನಮ್ಮ ಸಾಹೇಬ್ರ ಹೆಸರು ಮೊದ್ಲು ಬರ್ಬೇಕು. ಇಸವಿ ಬೇಕಾದ್ರೆ ನಾನೇ ಹೇಳ್ತೀನಿ. ನಮ್ಮ ದೊಡ್ಡ ಮಗಳ ಮದಿವಿ ಆದ ವರ್ಷ," ಎಂದರು. ನಾನು ಹೂಂ ಎಂದೂ ಅನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ನೆಟ್ಟಗೆ ಅಂಗಡಿಗೆ ಹೋದೆ. ಗಿರಾಕಿಗಳು ಹೋಗುವವರೆಗೆ ಕಾದು, ಹಾಳೆಯನ್ನು ದಾದಾಪೀರನ ಮುಂದೆ ಇಟ್ಟೆ. ಅವನು ಅದನ್ನು ಮುಟ್ಟಲಿಲ್ಲ.

"ಏನ್ ಬರೀಲೋ?" ಎಂದೆ.

"ಏನೂ ಬರೀಬ್ಯಾಡ. ಇಲ್ಲದ್ದನ್ನ ಹೆಂಗೆ ಬರೀತೀಯ?"

"ಗೌಡರು ಕೇಳಿದ್ರೆ?"

ಅವನು ಗಿರಾಕಿಗಳು ಹರಡಿ ಹೋಗಿದ್ದ ಕಂಬಳಿಯೊಂದನ್ನು ಮಡಿಸಿಟ್ಟ. ಆಮೇಲೆ, "ನಮ್ಮಮ್ಮ ಹೋದ ವರ್ಷ ತೀರ್ಕಂಡ್ಳು ಕಣೋ. ಆಕಿಗೂ ಹೇಳ್ಲಿಲ್ಲ. ದಿನಾ ನಮಾಜಿನಾಗೆ ನನ್ನ ಡಿಗ್ರಿಗೆ ಅಲ್ಲಾಗೆ ಶುಕ್ರ್ ಹೇಳ್ತಿದ್ಲು," ಎಂದ. ಏನೋ ಒಂದು ಹೇಳಬೇಕಲ್ಲ ಎಂದು, ಕಾಗದದ ಅಭಾವದಿಂದ ಪುಸ್ತಕ ಅಚ್ಚಾಗುವುದು ಎರಡು ವರ್ಷ ತಡವಾಗಬಹುದಂತೆ ಎಂದೆ.

ಅವನು ತಲೆ ಎತ್ತಿದ. "ಎರಡು ವರ್ಷನಾ? ನಾನು ಫೇಲಾದ ಇಂಗ್ಲಿಷ್ ಭಾಗ ಒಂದನ್ನೇ ಈಗ್ಲೂ ಕಟ್ಟಾಕೆ ಬಿಡ್ತಾರಾ?"

ನಾನು ಬರೆದು ಕೇಳಿದೆ. ಬಿಡುತ್ತಾರೆಂದು ಉತ್ತರ ಬಂತು. ಅಂದಿನಿಂದ ಅವನು ಸಂತೇಬೆನ್ನೂರಿನ ಸಂತೆಗೆ ಕಂಬಳಿ ಹೊತ್ತು ತಪ್ಪದೆ ಬರತೊಡಗಿದ. ಸಂತೆ ಮುಗಿಸಿ ಅಲ್ಲಿಂದ ಚನ್ನಗಿರಿಗೆ, ನಮ್ಮ ಮನೆಯ ನಡುಮನೆಗೆ. ನಾನು ಮೇಷ್ಟ್ರು, ಅವನು ಶಿಷ್ಯ. ಪಾಠವೇನೋ ಬೇಗ ಹತ್ತಿತು. ತೊಂದರೆ ಇದ್ದದ್ದು ಪ್ರಬಂಧ ಬರೆಯುವುದರಲ್ಲಿ. ಹದಿನೈದು ವರ್ಷ ಅರ್ಜಿ ಬರೆದ ಕೈ ಅದು. ವಸಂತ ಋತುವಿನ ಮೇಲೆ ಬರೆ ಎಂದರೆ, ಮಹಾಸ್ವಾಮಿಗಳ ಸನ್ನಿಧಾನಕ್ಕೆ ವಸಂತ ಋತುವು ಬಂದಿರುವ ಸಂಗತಿಯನ್ನು ಅತ್ಯಂತ ವಿನಯದಿಂದ ಅರಿಕೆ ಮಾಡಿಕೊಳ್ಳುವ ಧಾಟಿಯಲ್ಲಿ ಶುರು ಮಾಡುತ್ತಿದ್ದ. ಕೊನೆಯಲ್ಲಿ ತಕ್ಕ ಪರಿಹಾರವನ್ನೂ ಕೋರುತ್ತಿದ್ದ. ನನ್ನ ಹೆಂಡತಿ ಒಳಗಿನಿಂದ ನಗುವುದು ಕೇಳುತ್ತಿತ್ತು. ಅವನೂ ನಗುತ್ತಿದ್ದ. ನಕ್ಕು, ಮತ್ತೆ ಮೊದಲಿನಿಂದ ಬರೆಯುತ್ತಿದ್ದ.

ಉಣ್ಣೆ ಖರೀದಿಗೆ ಹೋಗುತ್ತೇನೆಂದು ಊರಿನಲ್ಲಿ ಹೇಳಿ ಅವನು ಪರೀಕ್ಷೆಗೆ ಹೋದ. ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ನಿಂತಿದ್ದ ಮೇಲ್ವಿಚಾರಕ, ಈ ನರೆಗೂದಲಿನವನನ್ನು ಜವಾನನೆಂದೇ ತಿಳಿದು, ಕುಡಿಯಲು ನೀರು ತಾ ಎಂದನಂತೆ. ಇವನು ಹೋಗಿ ನೀರು ತಂದುಕೊಟ್ಟು, ಆಮೇಲೆ ತನ್ನ ನಂಬರಿನ ಜಾಗದಲ್ಲಿ ಕೂತನಂತೆ. "ಆತ ನಾಚ್ಕಂಡ, ಪಾಪ," ಎಂದ ನನಗೆ ಹೇಳುವಾಗ. ತಾನು ನಾಚಿಕೊಂಡದ್ದನ್ನು ಹೇಳಲಿಲ್ಲ.

ಆ ಮಳೆಗಾಲದಲ್ಲಿ ನನಗೊಂದು ಕಾರ್ಡು ಬಂತು. 'ಮಾಲು ಬಂತು. ಮೂರನೇ ದರ್ಜೆ' ಎಂದಷ್ಟೇ ಇತ್ತು. ನಾನು ಸ್ಕೂಲಿನಲ್ಲಿ ಎಲ್ಲರ ಎದುರಿಗೆ ಕುರ್ಚಿಯಿಂದ ಎದ್ದು ನಿಂತೆ. ಕೂಗಿ ಹೇಳಬೇಕೆನ್ನಿಸಿತು. ಯಾರಿಗೆ ಹೇಳುವುದು? ಈ ಪಾಸಿಗೆ ಆಗಬೇಕಾದ ಮೆರವಣಿಗೆ ಆಗಿ ಹದಿನಾರು ವರ್ಷವಾಗಿತ್ತು. ನನ್ನ ಹೆಂಡತಿ ಒಬ್ಬಳು ಪಾಯಸ ಮಾಡಿದಳು. ಮುಂದಿನ ಸಂತೆಗೆ ಅವನು ಬಂದಾಗ ಮೂವರೂ ಕೂತು ಉಂಡೆವು. ನಾನು ಹಾಳೆಯನ್ನು ತೆಗೆದು, "ಇಸವಿ?" ಎಂದೆ. "ಇರಾದನ್ನೇ ಬರಿ," ಎಂದ. ಜನ ನೋಡಿದರೆ ಏನು ಗತಿ ಎಂದು ನಾನು ಕೇಳಲಿಲ್ಲ. ಅಷ್ಟು ದಪ್ಪ ಪುಸ್ತಕದಲ್ಲಿ ಇಸವಿಯನ್ನು ಯಾರು ನೋಡುತ್ತಾರೆ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ.

ಪುಸ್ತಕ ಬಂತು. ಜಗಳೂರಿನ ಪ್ರತಿಯನ್ನು ನಾನೇ ತೆಗೆದುಕೊಂಡು ಹೋದೆ. ಗೌಡರಿಗೆ ಆಗ ಕಣ್ಣು ಮಂಜಾಗಿತ್ತು. ಮಧ್ಯಾಹ್ನ ಕೋಲೂರಿಕೊಂಡು ದಾದಾಪೀರನ ಅಂಗಡಿಗೇ ಬಂದು, ಕಂಬಳಿ ರಾಶಿಗೆ ಒರಗಿ ಕೂತು, "ಓದ್ರಿ ಮೇಷ್ಟ್ರೆ," ಎಂದರು. ಅಕ್ಕಪಕ್ಕದ ಅಂಗಡಿಯವರು ಬಾಗಿಲಲ್ಲಿ ನಿಂತರು. ನಾನು ಹೆಸರು ಓದಿದೆ, ಊರು ಓದಿದೆ, ಕಂಬಳಿ ವ್ಯಾಪಾರ ಎಂದು ಓದಿದೆ. ಪುಸ್ತಕ ಮುಚ್ಚಿದೆ.

"ಇಸವಿ ಬಿಟ್ರಲ್ಲ?"

ಪುಸ್ತಕವನ್ನು ಮತ್ತೆ ತೆರೆದು, ಆದಷ್ಟು ಸಣ್ಣ ದನಿಯಲ್ಲಿ ಓದಿದೆ. ಕಣ್ಣು ಮಂಜಾದವರ ಕಿವಿ ಬಹಳ ಚುರುಕು.

"ಏನಂದ್ರಿ? ಹೋದ ವರ್ಷನಾ? ತಗೀರಿ ತಗೀರಿ, ಇಷ್ಟು ದೊಡ್ಡ ಯೂನಿವರ್ಸಿಟಿ ಅಂತೆ, ಒಂದು ಇಸವಿ ನೆಟ್ಟಗೆ ಹಾಕಾಕೆ ಬರಾಕಿಲ್ಲ! ನೋಡಿದೋರು ಏನಂದ್ಕಂತಾರೆ? ಜಗಳೂರಿನೋನು ನಲವತ್ತು ವರ್ಷಕ್ಕೆ ಪಾಸಾದ ಅಂತ ನಗಾಕಿಲ್ವಾ? ಸಾಹೇಬ್ರೆ, ಪೆನ್ನು ತಗಳ್ರಿ. ಈಗ್ಲೇ ಕಾಗದ ಬರೀರಿ. ನೀವು ಹಾಕಿದ ಇಸವಿ ತಪ್ಪು, ತಿದ್ದಿ ಮತ್ತೊಂದು ಸಲ ಅಚ್ಚು ಹಾಕ್ರಿ ಅಂತ. ಊರಿನೋರೆಲ್ಲಾ ಸಹಿ ಹಾಕ್ತೀವಿ."

ದಾದಾಪೀರ ಪೆನ್ನು ತೆಗೆದುಕೊಂಡ. ಕಾಗದದ ಮೇಲೆ ತಾರೀಖು ಬರೆದ. ನಾನು ಅವನ ಮುಖ ನೋಡಲಾರದೆ ಬೀದಿಯ ಕಡೆ ತಿರುಗಿದೆ. ಬರೆದುಬಿಡು ಮಾರಾಯ ಎಂದು ನನ್ನ ಮನಸ್ಸು ಬೇಡಿಕೊಳ್ಳುತ್ತಿತ್ತು. ಒಂದು ಕಾಗದ ಬರೆದು, ಅಂಚೆಗೆ ಹಾಕದೆ ಹರಿದರೆ ಮುಗಿಯಿತು. ಎಲ್ಲರೂ ಎಂದಿನಂತೆ ಇರಬಹುದು.

"ಇಸವಿ ಸರಿ ಐತೆ ಗೌಡ್ರೆ," ಎಂದ ದಾದಾಪೀರ.

ಗೌಡರು ಅವನ ಕಡೆ ಮುಖ ತಿರುಗಿಸಿದರು.

"ಆವತ್ತು ನೀವು ಮೆರವಣಿಗಿ ಮಾಡಿದ್ರಲ್ಲ, ಆಮ್ಯಾಕೆ ರಿಜಲ್ಟು ಬಂತು. ನಾನು ಫೇಲಾಗಿದ್ದೆ. ಪಾಸಾಗಿದ್ದು ಹೋದ ವರ್ಷಾನೇ. ಉಣ್ಣಿ ತರಾಕೆ ಹೋಗ್ತೀನಿ ಅಂತ ಸುಳ್ಳು ಹೇಳಿ ಹೋಗಿದ್ದೆ."

ಬಾಗಿಲಲ್ಲಿ ನಿಂತವರು ಒಬ್ಬರ ಮುಖ ಒಬ್ಬರು ನೋಡಿದರು. ಗೌಡರು ಕೋಲನ್ನು ನೆಲಕ್ಕೆ ಊರಿ ಮುಂದಕ್ಕೆ ಬಾಗಿದರು. ಹದಿನೇಳು ವರ್ಷದಲ್ಲಿ ಅವರು ಅವನನ್ನು ಬಹುವಚನ ಬಿಟ್ಟು ಕರೆದದ್ದನ್ನು ಯಾರೂ ಕೇಳಿರಲಿಲ್ಲ.

"ದಾದಾ, ಇಷ್ಟು ವರ್ಷ ನನ್ನ ಮುಂದೆ ಕುಂತ್ಕಂಡು ಇದನ್ನ ಮುಚ್ಚಿಟ್ಯಾ?"

"ಹೂಂ ಗೌಡ್ರೆ."

"ನಾವ್ಯಾರೂ ಕೇಳ್ತಿರ್ಲಿಲ್ಲ. ಬಿ.ಎ. ಅಂತಾನೇ ಕರೀತಿದ್ವಿ, ಅಂತಾನೇ ಮಣ್ಣು ಮಾಡ್ತಿದ್ವಿ. ಮತ್ತೆ ಈ ವಯಸ್ಸಿನಾಗೆ ಯಾತಕ್ಕೆ ಹೋಗಿ ಪಾಸು ಮಾಡ್ದೆ?"

"ಫೇಲಾಗಿದ್ದೆ ಅಂತ ನಿಮ್ಮ ಮುಂದೆ ಹೇಳಾಕೆ," ಎಂದ ದಾದಾಪೀರ. "ಪಾಸಾಗದಲೆ ಹೇಳಾಕೆ ಬಾಯಿ ಬರ್ಲಿಲ್ಲ."

ನಾವೆಲ್ಲ ಗೌಡರ ಬಾಯಿಯನ್ನೇ ನೋಡುತ್ತಿದ್ದೆವು. ಹೊನ್ನಾಳಿಯ ನ್ಯಾಯಾಧೀಶರು ಕೊಟ್ಟಿದ್ದ ತೀರ್ಪುಗಳಲ್ಲಿ ಯಾವುದಕ್ಕೂ ಯಾರೂ ಇಷ್ಟು ಭಯದಿಂದ ಕಾದಿರಲಾರರು. ಕೊನೆಗೆ ಗೌಡರು ಕೈ ಚಾಚಿ ತಡಕಾಡಿ, ತಾರೀಖು ಮಾತ್ರ ಬರೆದಿದ್ದ ಆ ಕಾಗದವನ್ನು ದಾದಾಪೀರನ ಮುಂದಿನಿಂದ ಎತ್ತಿಕೊಂಡರು. ಅದನ್ನು ಮಡಿಸಿ ನನ್ನ ಕೈಗೆ ಕೊಟ್ಟರು.

"ಬ್ಯಾಡ ಬಿಡ್ರಿ ಮೇಷ್ಟ್ರೆ. ಯೂನಿವರ್ಸಿಟಿಯೋರು ಹಾಕಿದ ಇಸವಿ ಸರಿನೇ ಇರ್ಬೇಕು. ನಮ್ಮ ಸಾಹೇಬ್ರೇ ಹೇಳ್ತಾರಲ್ಲ."